ಅವ್ವನ ಕಿವಿ ಯಾರ ಕೈಯಲ್ಲಿ

ನನ್ನ ತಮ್ಮನ ಹೆಂಡತಿಯನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಇದನ್ನು ಮೊದಲಿಗೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ನಾನು ಯಾವುದೋ ಕಂಪನಿಯ ಮೇಲಿನ ಸಿಟ್ಟಿಗೆ ಇದನ್ನೆಲ್ಲ ಬರೆಯುತ್ತಿದ್ದೇನೆ ಎಂದು ಓದುವವರು ತಿಳಿದಾರು. ಕಂಪನಿಯ ಮೇಲೂ ಸಿಟ್ಟಿದೆ, ಅದಕ್ಕೆ ಆಮೇಲೆ ಬರುತ್ತೇನೆ. ತಮ್ಮನ ಹೆಂಡತಿ ಕೆಟ್ಟವಳಾಗಿದ್ದರೆ ನನ್ನ ಕಷ್ಟ ಅರ್ಧ ಕಡಿಮೆಯಾಗುತ್ತಿತ್ತು. ಅವಳು ಕೆಟ್ಟವಳಲ್ಲ. ನಾನು ಇಳಕಲ್ಲಿನ ಮನೆಗೆ ಹೋದಾಗಲೆಲ್ಲ ಬಾಗಿಲಿಗೆ ಬಂದು ಚೀಲ ಇಸಿದುಕೊಳ್ಳುತ್ತಾಳೆ, "ಬರ್ರಿ ಅಕ್ಕಾರ, ಕಾಲಿಗೆ ನೀರು ತಗೋರಿ" ಎನ್ನುತ್ತಾಳೆ, ನನಗೆ ಸೇರುತ್ತದೆಂದು ಬದನೆಕಾಯಿ ಎಣ್ಣೆಗಾಯಿ ಮಾಡಿಟ್ಟಿರುತ್ತಾಳೆ. ಇಂಥವಳ ಮೇಲೆ ಸಿಟ್ಟಾಗಲು ನೆವ ಸಿಗುವುದಿಲ್ಲ. ಹೊಟ್ಟೆಕಿಚ್ಚಿಗೆ ನೆವ ಬೇಕಿಲ್ಲ.

ನಾನಿರುವುದು ಬಾಗಲಕೋಟೆಯ ನವನಗರದಲ್ಲಿ. ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಮದುವೆಯಾಗಲಿಲ್ಲ. ಯಾಕೆ ಎಂದು ಕೇಳುತ್ತಿದ್ದವರು ಈಗ ಕೇಳಿ ಕೇಳಿ ಬೇಸತ್ತು ಬಿಟ್ಟಿದ್ದಾರೆ. ಅವ್ವ ಇಳಕಲ್ಲಿನಲ್ಲಿ ತಮ್ಮನ ಮನೆಯಲ್ಲಿದ್ದಾಳೆ. ರವಿವಾರ ಬೆಳಿಗ್ಗೆ ಬಸ್ಸು ಹತ್ತಿ, ಅಮೀನಗಡದಲ್ಲಿ ಕರದಂಟು ಕಟ್ಟಿಸಿಕೊಂಡು, ಹುನಗುಂದ ದಾಟಿ ಅವಳನ್ನು ನೋಡಲು ಹೋಗುತ್ತೇನೆ. ನನ್ನ ದನಿ ದೊಡ್ಡದು. ಕಡೆಯ ಬೆಂಚಿನವರಿಗೂ ಕೇಳುತ್ತದೆ, ಗೋಡೆಯಾಚೆ ಸಮಾಜ ವಿಜ್ಞಾನ ಕಲಿಸುವವರಿಗೂ ಕೇಳಿ ಅವರು ಬಂದು ಮುಖ ತೋರಿಸಿ ಹೋಗುತ್ತಾರೆ. ಇಷ್ಟು ದೊಡ್ಡ ದನಿ ಅವ್ವನಿಗೆ ಮಾತ್ರ ಕೇಳುವುದಿಲ್ಲ.

ಅವಳ ಕಿವಿ ಹೋದದ್ದು ಪಾವರಲೂಮಿನಿಂದ. ನಮ್ಮ ಮನೆಯಲ್ಲಿ ಅಜ್ಜನ ಕಾಲದ, ಕುಣಿಯಲ್ಲಿ ಕಾಲು ಇಳಿಬಿಟ್ಟು ಕೈಯಿಂದ ನೇಯುವ ಕುಣಿಮಗ್ಗವೊಂದಿದೆ. ಅದರ ಸಪ್ಪಳ ಇದುವರೆಗೆ ಯಾರ ಕಿವಿಯನ್ನೂ ಕೆಡಿಸಿಲ್ಲ. ಅಪ್ಪ ತೀರಿಕೊಂಡ ಮೇಲೆ ಆ ಒಂದು ಮಗ್ಗದಿಂದ ಮನೆ ನಡೆಯದಾಯಿತು, ಅವ್ವ ಪಾವರಲೂಮಿನ ಶೆಡ್ಡಿಗೆ ಕಂಡಿಕೆ ಸುತ್ತಲು, ಅಂದರೆ ಲಾಳಿಯ ಕೊಳವೆಗಳಿಗೆ ನೂಲು ಸುತ್ತಲು, ಹೋಗತೊಡಗಿದಳು. ಒಳಗೆ ಕಾಲಿಟ್ಟರೆ ಎದೆಯೊಳಗೇ ಯಾರೋ ಕುಟ್ಟಿದಂಥ ಸದ್ದು. ಅಲ್ಲಿ ಒದರಿದರೂ ಕೇಳದು ಎಂದು ಗೊತ್ತಾದ ಮೇಲೆ ಹೆಂಗಸರು ಒದರುವುದಿಲ್ಲ. ದನಿ ಹೊರಡಿಸದೆ ತುಟಿ ಮಾತ್ರ ಅಲುಗಿಸುತ್ತಾರೆ, ಹುಬ್ಬು, ಗದ್ದ, ಎರಡು ಬೆರಳು ಅದಕ್ಕೆ ಜೊತೆಯಾಗುತ್ತವೆ. ಹಾಗೆಯೇ ಜಗಳಾಡುತ್ತಾರೆ, ಹಾಗೆಯೇ ನಗುತ್ತಾರೆ, ಮಾಲೀಕನನ್ನು ಅವನ ಮುಂದೆಯೇ ಆಡಿಕೊಳ್ಳುತ್ತಾರೆ.

ತಮ್ಮನ ಹೆಂಡತಿಯೂ ಅಲ್ಲಿಯವಳೇ. ಅವ್ವನ ಎದುರು ಕೂತು ಕಂಡಿಕೆ ಸುತ್ತುತ್ತಿದ್ದಳು. ನಾನು ಆಗ ಬಾದಾಮಿಯಲ್ಲಿ ಮೊದಲ ನೌಕರಿಯಲ್ಲಿದ್ದೆ. ಒಮ್ಮೆ ಊರಿಗೆ ಬಂದಾಗ ಅವ್ವ, "ನಿನ್ನ ತಮ್ಮಗ ಒಂದು ಹುಡುಗಿ ನೋಡೇನಿ. ಭಾಳ ಚಲೋ ಮಾತಾಡ್ತಾಳ" ಎಂದಳು. ಆಮೇಲೆ ತಿಳಿಯಿತು, ಆ ಹುಡುಗಿಯ ದನಿಯನ್ನು ಅವ್ವ ಒಂದು ದಿನವೂ ಕೇಳಿರಲಿಲ್ಲ. ಸೊಸೆಯ ದನಿ ಕೇಳದೆ ಅವಳ ಮಾತಿಗೆ ಮನಸೋತ ಅತ್ತೆ ಜಗತ್ತಿನಲ್ಲಿ ಇವಳೊಬ್ಬಳೇ ಇರಬೇಕು. ನಾನು ನಕ್ಕೆ. ಆ ಶೆಡ್ಡಿನಲ್ಲಿ ನನಗೆ ಗೊತ್ತಿಲ್ಲದ ಒಂದು ಮಾತು ಅವರಿಬ್ಬರ ನಡುವೆ ಬೆಳೆದಿದೆ ಎಂಬುದು ಆಗ ನನ್ನ ತಲೆಗೆ ಬರಲಿಲ್ಲ.

ಬಂದದ್ದು ಅವ್ವನ ಕಿವಿ ಪೂರ್ತಿ ಮಂದವಾದ ಮೇಲೆ. ಆಗ ನಾನು ಅವಳನ್ನು ಬಾಗಲಕೋಟೆಗೆ ಕರೆದುಕೊಂಡು ಬಂದು, ಕಿವಿಯ ಡಾಕ್ಟರರಿಗೆ ತೋರಿಸಿ, ಒಳ್ಳೆಯ ಕಿವಿ ಮಷೀನು ಕೊಡಿಸಿದೆ. ಅಂಗಡಿಯ ಹುಡುಗ ಅದನ್ನು ಕಿವಿಗೆ ಕೂಡಿಸಿದಾಗ ಅವ್ವ ಮೊದಲು ಕೇಳಿಸಿಕೊಂಡದ್ದು ತನ್ನ ಬಳೆಗಳನ್ನು. "ಈ ಬಳಿ ಇಷ್ಟು ಸಪ್ಪಳ ಮಾಡ್ತಾವೇನ?" ಎಂದು ಕೈ ಅಲುಗಿಸಿ ಅಲುಗಿಸಿ ನೋಡಿದಳು. ನಾನು, "ಅವ್ವಾ, ಕೇಳ್ತೈತಿ?" ಎಂದೆ. ಅವಳು ಕೈ ಅಲುಗಿಸುವುದನ್ನು ಬಿಟ್ಟು ನನ್ನ ಮುಖ ನೋಡಿದಳು. ಆಮೇಲೆ, "ನಿನ್ನ ದನಿ ನಿಮ್ಮಪ್ಪನ ದನಿ ಹಂಗ ಆಗೇತಲ್ಲ ಮಗಳ" ಎಂದಳು.

ಅವತ್ತು ನನಗಾದ ಸಂತೋಷವನ್ನು ನಾನು ಯಾರ ಜೊತೆಗೂ ಹಂಚಿಕೊಳ್ಳಲಿಲ್ಲ. ಆ ಮಾತು ತಮ್ಮನ ಹೆಂಡತಿಗೆ ಸಿಗುವಂಥದ್ದಲ್ಲ. ಅಪ್ಪನ ದನಿ ನನ್ನ ಗಂಟಲಲ್ಲಿತ್ತು, ಅವಳ ಗಂಟಲಲ್ಲಿ ಇರಲಿಲ್ಲ.

ಮಷೀನನ್ನು ಹೆಚ್ಚು ಕಡಿಮೆ ಮಾಡಲು ಫೋನಿನಲ್ಲಿ ಒಂದು ಆ್ಯಪು ಇತ್ತು. ನೀಲಿ ಬಣ್ಣದ ಪುಟ್ಟ ಕಿವಿಯ ಚಿತ್ರ, ಅದನ್ನು ಒತ್ತಿದರೆ ಸದ್ದು ಏರಿಳಿಸಲು ಮನೆಗೊಂದು ಲೆಕ್ಕ, ಬೀದಿಗೊಂದು, ಜನ ಸೇರಿದಲ್ಲಿ ಇನ್ನೊಂದು. ಮಷೀನಿನ ಬೆನ್ನಿಗೂ ಒಂದು ಸಣ್ಣ ಗುಂಡಿ ಇತ್ತು. ನಾನು ಅಂಗಡಿಯ ಹುಡುಗನಿಗೆ, "ಅದನ್ನ ಬಂದ್ ಮಾಡಿಬಿಡಪಾ, ಅವ್ವ ಏನರ ಒತ್ತಿ ಕೆಡಿಸ್ತಾಳ" ಎಂದೆ. ಒತ್ತಿ ಕೆಡಿಸುತ್ತಾಳೆ ಎಂಬುದು ಸುಳ್ಳೇನಲ್ಲ. ಆದರೆ ಗುಂಡಿ ಇದ್ದರೆ ಅದನ್ನು ದಿನವೂ ಒತ್ತುವ ಬೆರಳು ಯಾರದಾಗುತ್ತಿತ್ತು ಎಂಬುದೂ ನನಗೆ ಗೊತ್ತಿತ್ತು. ಕಿವಿ ಮಷೀನು ನನ್ನದು, ಅವ್ವ ನನ್ನವಳು, ಲಗಾಮು ನನ್ನ ಕೈಯಲ್ಲಿರಲಿ ಎಂದುಕೊಂಡೆ. ಈಗ ಕೇಳಿದರೂ ಹಾಗೆಯೇ ಹೇಳುತ್ತೇನೆ.

ಆಮೇಲಿನ ರವಿವಾರಗಳು ನನ್ನ ದರಬಾರಿನ ದಿನಗಳು. ನಾನು ಹೋಗುವವರೆಗೆ ಅವ್ವ ಕಟ್ಟೆಯ ಮೇಲೆ ಕಾಯುತ್ತ ಕೂತಿರುತ್ತಿದ್ದಳು. "ಕಿವ್ಯಾಗ ಕುಂಯ್ ಅಂತೈತಿ ನೋಡು", "ಲಾಳಿ ಸಪ್ಪಳ ಭಾಳ ಆಗೇತಿ, ಸ್ವಲ್ಪ ಇಳಿಸು" ಎಂದು ಒಂದೊಂದೇ ಫಿರ್ಯಾದು. ನಾನು ಫೋನು ತೆಗೆದು ಡಾಕ್ಟರರ ಹಾಗೆ ಹುಬ್ಬು ಗಂಟಿಕ್ಕಿ ಅದನ್ನೆಲ್ಲ ಸರಿ ಮಾಡುವುದು. ಅವಳ ಕಿವಿ ಆ ಮಷೀನಿನ ದನಿಗೆ ಒಗ್ಗಲು ತಿಂಗಳುಗಳು ಹಿಡಿದವು. ಒಗ್ಗಿದ ಮೇಲೆ ನಾವಿಬ್ಬರೂ ಮಾತಾಡಿದ್ದೇ ಮಾತಾಡಿದ್ದು. ತಮ್ಮನ ಹೆಂಡತಿ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಆ ಬಡಿತ ನನಗೆ ಬಹಳ ಹಿತವಾಗಿ ಕೇಳುತ್ತಿತ್ತು.

ನಡುವೆ ನಾನು ಹೊಸ ಫೋನು ಕೊಂಡೆ. ಹಳೆಯದಕ್ಕೆ ಅಂಗಡಿಯವನು ಕವಡೆ ಕಾಸಿನ ಕಿಮ್ಮತ್ತೂ ಕೊಡಲಿಲ್ಲ, ಹಾಗಾಗಿ ಅದನ್ನು ತಮ್ಮನ ಹೆಂಡತಿಗೆ ಕೊಟ್ಟೆ. ನನ್ನ ಫೋಟೋಗಳನ್ನು ಅಳಿಸಿ, ಸಿಮ್ಮು ತೆಗೆದು, "ಇದರಾಗ ಫೋಟೋ ತಗಿ, ಹಾಡು ಕೇಳು. ಉಳಿದದ್ದಕ್ಕ ಕೈ ಹಚ್ಚಬ್ಯಾಡ" ಎಂದು ತಾಕೀತು ಮಾಡಿ ಕೊಟ್ಟೆ. "ಹೂನ್ರಿ ಅಕ್ಕಾರ" ಎಂದು ಎರಡೂ ಕೈಯಿಂದ ತೆಗೆದುಕೊಂಡಳು. ಅವಳು ಅದರಲ್ಲಿ ಸೀರೆಯ ದಡಿಗಳ ಫೋಟೋ ತೆಗೆಯತೊಡಗಿದಳು. ಮದುವೆಗೆ ಹೋದರೆ, ಸಂತೆಗೆ ಹೋದರೆ, ಚೆಂದದ ದಡಿ ಕಂಡಲ್ಲೆಲ್ಲ ಫೋಟೋ. ಸಂಜೆ ಅತ್ತೆ ಸೊಸೆ ತಲೆಗೆ ತಲೆ ಹಚ್ಚಿ ಅದನ್ನು ನೋಡುವುದು. ನಾನೇ ಕೊಟ್ಟ ಫೋನು ಎಂಬುದು ಅವ್ವನಿಗೆ ನೆನಪಾದಂತೆ ಕಾಣಲಿಲ್ಲ. "ಇಕಿ ತಗದ ಫೋಟೋ ನೋಡು" ಎಂದು ನನಗೇ ತೋರಿಸಿದಳು.

ಹೊಸ ಫೋನಿನಲ್ಲೂ ಆ ನೀಲಿ ಕಿವಿ ಕೆಲವು ಕಾಲ ನೆಟ್ಟಗೆ ನಡೆಯಿತು. ಕೆಟ್ಟದ್ದು ಹುನಗುಂದದ ಒಂದು ಮದುವೆಯ ಮರುದಿನ. ನಮ್ಮ ಬಳಗದ ಮದುವೆ, ಬ್ಯಾಂಡಿನವರು ಅವ್ವನ ಪಕ್ಕದಲ್ಲೇ ನಿಂತು ಬಾರಿಸುತ್ತಿದ್ದರು. ಅವಳು ಕಿವಿ ಮುಚ್ಚಿಕೊಂಡದ್ದನ್ನು ಕಂಡು ನಾನು ಆ್ಯಪು ತೆರೆದು ಜನಜಂಗುಳಿಯ ಲೆಕ್ಕಕ್ಕೆ ಹಾಕಿದೆ. ಸುತ್ತಲಿನ ಸದ್ದನ್ನೆಲ್ಲ ಅದುಮಿ ಹಿಡಿಯುವ ಲೆಕ್ಕ ಅದು. ಊಟ ಮಾಡಿ ಅವರು ಇಳಕಲ್ಲಿನ ದಾರಿ ಹಿಡಿದರು, ನಾನು ಬಾಗಲಕೋಟೆಯ ಬಸ್ಸು ಹತ್ತಿದೆ. ಲೆಕ್ಕ ಬದಲಿಸುವುದು ಮರೆಯಿತು. ಮರುದಿನ ನನ್ನ ಫೋನಿನ ಸಾಫ್ಟ್‌ವೇರು ತನ್ನಷ್ಟಕ್ಕೆ ತಾನು ಹೊಸದಾಯಿತು. ಮುಂದಿನ ರವಿವಾರ ನೀಲಿ ಕಿವಿಯನ್ನು ಒತ್ತಿದರೆ, ಈ ಮಾಡೆಲ್ಲಿಗೆ ಕಂಪನಿಯ ಬೆಂಬಲ ನಿಂತಿದೆ ಎಂಬ ಒಂದು ಸಾಲು ಬಂದು ಪರದೆ ಮುಚ್ಚಿಕೊಂಡಿತು.

ಹುನಗುಂದದ ಮದುವೆ ಮುಗಿದು ಮದುಮಗಳು ಗಂಡನ ಮನೆ ಸೇರಿಯೂ ಆಯಿತು, ಅವ್ವನ ಕಿವಿ ಮಾತ್ರ ಇನ್ನೂ ಮಂಟಪದಲ್ಲೇ ಕೂತಿತ್ತು. ಮಷೀನನ್ನು ತೆಗೆದು ಹಾಕಿದರೂ ಅದೇ, ಶೆಲ್ಲು ಬದಲಿಸಿದರೂ ಅದೇ. ಗುಂಡಿಯನ್ನಂತೂ ನಾನೇ ಬಂದ್ ಮಾಡಿಸಿದ್ದೆ. "ಕೊಡದಾಗ ಮಾರಿ ಇಟ್ಟು ಮಾತಾಡಿದಂಗ ಆಕ್ಕೈತಿ" ಎಂದಳು ಅವ್ವ. ನಾನು ಜೋರಾಗಿ ಹೇಳಿದರೆ ಅದು ನನ್ನ ದನಿಯನ್ನೂ ಬ್ಯಾಂಡಿನವರ ಸದ್ದೆಂದು ತಿಳಿದು ಅದುಮುತ್ತಿತ್ತು.

ಬಾಗಲಕೋಟೆಯ ಅಂಗಡಿಗೆ ಒಯ್ದೆ. ಅದೇ ಹುಡುಗ ಈಗ ಮೀಸೆ ಬಿಟ್ಟಿದ್ದ. ಮಷೀನನ್ನು ತನ್ನ ಕಂಪ್ಯೂಟರಿಗೆ ಜೋಡಿಸಿ ನೋಡಿ, "ಇದನ್ನ ಗುರ್ತಾ ಹಿಡೀವಲ್ದ್ರಿ ಮೇಡಂ. ಮೊದಲಿಂದು ಹೋಗಿ ಹೊಸ ಸಾಫ್ಟ್‌ವೇರ್ ಬಂದೈತ್ರಿ. ಹೊಸಾ ಮಷೀನ್ ತಗೊಂಡ್ರ ಚಲೋ" ಎಂದ. ಒಂದು ಹೊಸದನ್ನು ಕೆಲವು ದಿನ ಹಾಕಿ ನೋಡಲು ಕೊಟ್ಟ. ಅವ್ವ ಅದನ್ನು ಹಾಕಿಕೊಂಡು ನನ್ನ ಮಾತು ಕೇಳಿಸಿಕೊಂಡಳು. ಬಹಳ ಹೊತ್ತು ಕೇಳಿಸಿಕೊಂಡಳು. ಆಮೇಲೆ ತೆಗೆದು ಡಬ್ಬಿಯಲ್ಲಿಟ್ಟು, "ಬ್ಯಾರೆ ಯಾರೋ ಮಾತಾಡಿದಂಗ ಆಕ್ಕೈತಿ. ಇದರಾಗ ನಿಮ್ಮಪ್ಪ ಇಲ್ಲ" ಎಂದಳು. ಹಳೆಯದು ಸುಸ್ಥಿತಿಯಲ್ಲಿರುವಾಗ ಅದನ್ನು ಯಾಕೆ ಒಗೆಯಬೇಕು ಎಂಬುದು ಅವಳ ಎರಡನೆಯ ಪ್ರಶ್ನೆ.

ಕಂಪನಿಗೆ ಫೋನು ಹಚ್ಚಿದೆ. ಹಾಡು ಕೇಳಿಸಿ ಕೇಳಿಸಿ ಕಡೆಗೆ ಒಬ್ಬ ಹುಡುಗಿ ಸಿಕ್ಕಳು. ದಕ್ಷಿಣದ ಕಡೆಯ ಅಚ್ಚುಕಟ್ಟಾದ ಕನ್ನಡ. "ಕ್ಷಮಿಸಿ ಮೇಡಂ, ಆ ಉತ್ಪನ್ನದ ಜೀವಿತಾವಧಿ ಮುಗಿದಿದೆ" ಎಂದಳು.

"ಮಷೀನ್ ನೆಟ್ಟಗೈತಿ. ನಮ್ಮವ್ವನೂ ನೆಟ್ಟಗದಾಳ. ಮುಗಿದದ್ದು ಯಾರ ಜೀವಿತಾವಧಿ ಅಂತ ಹೇಳವಾ" ಎಂದೆ.

ಅವಳು ಮತ್ತೆ ಅದೇ ಸಾಲನ್ನು ಅದೇ ದನಿಯಲ್ಲಿ ಹೇಳಿದಳು. ಕಿವುಡನ ಮುಂದೆ ಕಿನ್ನರಿ ಬಾರಿಸಿದಂತೆ ಎನ್ನುತ್ತಾರೆ. ಕಿವಿ ಮಷೀನು ಮಾರುವವರೇ ಅಷ್ಟು ಕಿವುಡರಾಗಿದ್ದರು. ಆ ಹುಡುಗಿಯ ತಪ್ಪೇನೂ ಇಲ್ಲ ಎಂದು ಗೊತ್ತಿದ್ದೂ ನಾನು ಇನ್ನಷ್ಟು ಬೈದೆ.

ಒಂದು ಸಾಮಾನನ್ನು ಮಾರಿದವನು ಎಷ್ಟು ವರ್ಷ ಅದರ ಬೆನ್ನಿಗೆ ನಿಲ್ಲಬೇಕು? ಗಣಿತದವಳಾದ ನಾನು ಒಂದು ಅಂಕಿ ಹೇಳಬೇಕು, ಆದರೆ ನನಗೆ ಅಂಕಿ ಹೊಳೆಯುವುದಿಲ್ಲ. ಫೋನು ಹೋದರೆ ಇನ್ನೊಂದು ಫೋನು ಬಂದೀತು. ಕಿವಿಯೊಳಗೆ ಕೂತದ್ದನ್ನು, ಒಬ್ಬ ಮುದುಕಿ ತಿಂಗಳುಗಟ್ಟಲೆ ಪಾಡುಪಟ್ಟು ತನ್ನದಾಗಿಸಿಕೊಂಡದ್ದನ್ನು, ನಮಗೆ ಬೇಸರ ಬಂತು ಎಂದು ಕೈಬಿಡಲು ಯಾರಿಗೆ ಹಕ್ಕಿದೆ? ಬಾಡಿಗೆಯವನು ಮನೆ ಬಿಟ್ಟು ಹೋಗುವಾಗ ಕೀಲಿಕೈಯನ್ನಾದರೂ ಕೊಟ್ಟು ಹೋಗುತ್ತಾನೆ. ಇವರು ಕೀಲಿಯನ್ನೂ ಒಯ್ದರು. ನಮಗೆ ಆಗದು, ಬೇರೆ ಯಾರಾದರೂ ರಿಪೇರಿ ಮಾಡಿಕೊಳ್ಳಲಿ ಎಂದು ಆ ಆ್ಯಪಿನ ಬಾಗಿಲನ್ನಾದರೂ ತೆರೆದಿಟ್ಟು ಹೋಗಬಹುದಿತ್ತು.

ನನಗೆ ಆಗ ನಮ್ಮ ಮನೆಯ ಮಗ್ಗದ ಮೇಲೂ ಹೊಟ್ಟೆಕಿಚ್ಚಾಯಿತು. ಅದನ್ನು ಮಾಡಿದ ಬಡಿಗ ಸತ್ತು ಎಷ್ಟೋ ಕಾಲವಾಗಿದೆ. ಅದರ ಹಲಗೆ ಮುರಿದರೆ ಓಣಿಯ ಯಾವ ಬಡಿಗನಾದರೂ ಬಂದು ಅಳತೆ ತೆಗೆದುಕೊಂಡು ಹೊಸದು ಕೂಡಿಸುತ್ತಾನೆ. ಯಾರ ಅಪ್ಪಣೆಯೂ ಬೇಡ. ಆ ಮಗ್ಗದ ಮೇಲೆ ಈಗ ಕೂಡುವವಳು ತಮ್ಮನ ಹೆಂಡತಿ. ಎಲ್ಲ ಒಳ್ಳೆಯದೂ ಅವಳ ಪಾಲಿಗೇ ಬಂದದ್ದನ್ನು ನೋಡಿ ನನ್ನ ಹೊಟ್ಟೆ ಇನ್ನಷ್ಟು ಉರಿಯಿತು.

ಇನ್ನು ಶಾಲೆಯಲ್ಲಿ ಇನ್ನೊಂದು ಉರಿ. ಬಾದಾಮಿಯಿಂದ ದಿನವೂ ಬಂದು ಹೋಗುವ ನಮ್ಮ ಜೊತೆಯ ಟೀಚರೊಬ್ಬರಿಗೆ ಊಟದ ಹೊತ್ತಿಗೆ ಸರಿಯಾಗಿ ಅವರ ತಾಯಿಯ ಫೋನು ಬರುತ್ತದೆ. "ಉಂಡೇನಿ ಬೇ. ಹೂಂ. ಇಡು" ಎನ್ನುತ್ತಾರೆ. ಬೇಸರದಿಂದ ಎನ್ನುತ್ತಾರೆ. ನಾನು ನನ್ನ ಡಬ್ಬಿ ಎತ್ತಿಕೊಂಡು ಬೇರೆ ಬೆಂಚಿಗೆ ಹೋಗಿ ಕೂಡುತ್ತಿದ್ದೆ.

ಇಳಕಲ್ಲಿನಲ್ಲಿ ಈಗ ರವಿವಾರಗಳು ಬೇರೆ ಥರ. ನಾನು ಏನಾದರೂ ಹೇಳಿದರೆ ಅವ್ವ ನನ್ನನ್ನು ಒಂದು ಗಳಿಗೆ ನೋಡಿ, ತಿಳಿಯದೆ, ಸೊಸೆಯ ಕಡೆ ತಿರುಗುತ್ತಿದ್ದಳು. ಸೊಸೆ ದನಿಯಿಲ್ಲದೆ ತುಟಿ ಅಲುಗಿಸುತ್ತಿದ್ದಳು. ಅವ್ವ, "ಹೌದೇನ?" ಎಂದು ಉತ್ತರವನ್ನೂ ಅವಳಿಗೇ ಕೊಡುತ್ತಿದ್ದಳು. ಹಡೆದ ತಾಯಿಯ ಜೊತೆ ಮಾತಾಡಲು ನನಗೆ ನಡುವೆ ದುಭಾಷಿ. ಒಮ್ಮೆ ಅವರಿಬ್ಬರೂ ತುಟಿಯಲ್ಲೇ ಏನೋ ಆಡಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಾನು ಏನೆಂದು ಕೇಳಿದೆ. "ಏನಿಲ್ರಿ ಅಕ್ಕಾರ, ಹಾಲು ಹಾಕಾಂವನ ಮಾತು" ಎಂದಳು. ಹಾಲು ಹಾಕುವವನ ಮಾತೇ ಇರಬಹುದು. ಆದರೂ ಬಸ್ಸಿನಲ್ಲಿ ಹುನಗುಂದ ಬರುವವರೆಗೂ ಅವರು ನಕ್ಕದ್ದು ನನ್ನನ್ನೇ ಎಂದುಕೊಳ್ಳುತ್ತಿದ್ದೆ.

ನಾನು ಅವ್ವನನ್ನು ಒಂದು ಮಾತು ಕೇಳಬೇಕಿತ್ತು. ಆ ಮಾತಿಗಾಗಿಯೇ ನಾನು ಅಷ್ಟು ಒದ್ದಾಡುತ್ತಿದ್ದದ್ದು. ನವನಗರದ ಮನೆಯಲ್ಲಿ ಅವಳಿಗಾಗಿ ಒಂದು ಕೋಣೆ ಸಜ್ಜು ಮಾಡಿದ್ದೆ. ಮಂಚ, ದೇವರ ಜಗಲಿ, ಲಿಂಗಪೂಜೆಗೆ ಕೂಡಲು ಬೆಳಕು ಬೀಳುವ ಕಿಟಕಿ. ಇನ್ನು ಉಳಿದ ಕಾಲ ನನ್ನ ಜೊತೆ ಬಂದಿರು ಎಂದು ಕೇಳಬೇಕಿತ್ತು. ಹುನಗುಂದದ ಮದುವೆಗೆ ಮುಂಚೆಯೇ ಕೇಳಬಹುದಿತ್ತು, ಕೋಣೆಗೆ ಬಣ್ಣ ಆಗಲಿ ಎಂದು ಕಾದೆ. ಈಗ ಕೇಳುವುದಾದರೆ ಹೇಗೆ? ನಿನ್ನ ಅತ್ತೆಯನ್ನು ನಿನ್ನಿಂದ ಬಿಡಿಸಿ ಒಯ್ಯುತ್ತೇನೆ, ಸ್ವಲ್ಪ ಅವಳಿಗೆ ಹೇಳು ಎಂದು ತಮ್ಮನ ಹೆಂಡತಿಯ ತುಟಿಯಿಂದಲೇ ಹೇಳಿಸಬೇಕಿತ್ತು. ಅವ್ವನಿಗೆ ಓದಲು ಬರುವುದಿಲ್ಲ, ಬರೆದು ತೋರಿಸುವ ದಾರಿಯೂ ಇಲ್ಲ. ತಮ್ಮನಿಗೆ ಹೇಳಿದರೆ ಅದು ಮೊದಲು ಹೆಂಡತಿಗೇ ಮುಟ್ಟುತ್ತದೆ. ವಾರ ವಾರವೂ ಆ ಮಾತನ್ನು ಬಾಯಲ್ಲಿಟ್ಟುಕೊಂಡು ಹೋಗಿ ಹಾಗೆಯೇ ವಾಪಸು ತಂದೆ.

ಹೀಗಿರುವಾಗ ಒಂದು ರವಿವಾರ ತಮ್ಮನ ಹೆಂಡತಿ ಮಗ್ಗದಿಂದ ಎದ್ದು ಬಂದು, "ಅಕ್ಕಾರ, ಈ ದಡಿ ನೋಡ್ರಿ, ಹೆಂಗೈತಿ?" ಎಂದು ನನ್ನ ಹಳೆಯ ಫೋನನ್ನು ಕೈಗಿತ್ತಳು. ಗಾಜು ಒಡೆದಿತ್ತು. ಹಿಂದಿನ ಮುಚ್ಚಳ ಬೀಳದಂತೆ ಕೆಂಪು ರೇಷ್ಮೆ ಎಳೆಯಿಂದ ಬಿಗಿದು ಕಟ್ಟಿದ್ದಳು. ದಡಿ ಚೆನ್ನಾಗಿತ್ತು, ನಾನು ಚೆನ್ನಾಗಿದೆ ಎನ್ನಲಿಲ್ಲ. ಫೋಟೋ ಸರಿಸಲು ಹೋಗಿ ಬೆರಳು ಎಲ್ಲೋ ತಾಗಿತು, ಫೋಟೋ ಹೋಗಿ ಪರದೆ ಬಂತು. ಹಾಡಿನ ಚಿತ್ರಕ್ಕೂ ಬ್ಯಾಟರಿ ದೀಪದ ಚಿತ್ರಕ್ಕೂ ನಡುವೆ ಒಂದು ಪುಟ್ಟ ನೀಲಿ ಕಿವಿ ಕೂತಿತ್ತು.

ಒತ್ತಿದೆ. ಸ್ವಲ್ಪ ಹೊತ್ತು ಏನೋ ತಿರುಗಿ ತಿರುಗಿ, ಆಮೇಲೆ ಅವ್ವನ ಮಷೀನಿನ ಗುರುತು ಮೂಡಿ, ಪಕ್ಕದಲ್ಲಿ ಹಸಿರು ಚುಕ್ಕಿ ಹತ್ತಿತು. ಆ ಫೋನಿಗೆ ಸಿಮ್ಮು ಇಲ್ಲ, ಇಂಟರ್ನೆಟ್ಟು ಇಲ್ಲ. ಕಂಪನಿ ತನ್ನನ್ನು ಕೈಬಿಟ್ಟಿದೆ ಎಂಬ ಸುದ್ದಿಯೇ ಅದಕ್ಕೆ ಮುಟ್ಟಿರಲಿಲ್ಲ. ಹಾಗಾಗಿ ಅದು ಮೊದಲಿನಂತೆಯೇ ಕೆಲಸಕ್ಕೆ ಸಿದ್ಧವಾಗಿ ಕೂತಿತ್ತು.

"ಇದು ಇಲ್ಲೇ ಇತ್ತೇನ? ಇಷ್ಟು ದಿನಾ ಯಾಕ ಹೇಳಲಿಲ್ಲ?" ಎಂದೆ.

"ನಾ ಒಮ್ಮಿನೂ ಒತ್ತಿಲ್ರಿ ಅಕ್ಕಾರ. ಉಳಿದದ್ದಕ್ಕ ಕೈ ಹಚ್ಚಬ್ಯಾಡ ಅಂತ ನೀವ ಅಂದಿದ್ರೆಲ್ರಿ" ಎಂದಳು.

ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ. ನಾನು ಬೇಡವೆಂದು ಕೊಟ್ಟದ್ದರಲ್ಲೇ ಅವ್ವನ ಕಿವಿಯ ಕೀಲಿಕೈ ಇತ್ತು. ಅದು ಇಷ್ಟು ದಿನ ಇವಳ ಸೆರಗಿನ ಗಂಟಿನಲ್ಲಿ, ಇವಳ ಮಗ್ಗದ ಪಕ್ಕದಲ್ಲಿ ಇತ್ತು. ಇವಳು ನನ್ನ ಮಾತು ಮೀರಿದ್ದರೆ ನಾಲ್ಕು ಮಾತು ಬೈಯಬಹುದಿತ್ತು. ಮೀರಿರಲಿಲ್ಲ, ಆ ಸುಖವೂ ನನಗಿರಲಿಲ್ಲ.

ಮದುವೆಯ ಲೆಕ್ಕ ತೆಗೆದು ಮನೆಯ ಲೆಕ್ಕ ಹಾಕಿದೆ. ಅವ್ವನ ರೆಪ್ಪೆಗಳು ಅಲುಗಿದವು. "ಅವ್ವಾ, ಈಗ ಕೇಳ್ತೈತೇನ?" ಎಂದು ಅಭ್ಯಾಸಬಲದಿಂದ ಕಿರುಚಿದೆ.

"ಯಾಕ ಒದರ್ತಿ?" ಎಂದಳು ಅವ್ವ, ಕಿವಿಗೆ ಕೈ ಹಚ್ಚಿಕೊಂಡು. "ನಿಮ್ಮಪ್ಪನೂ ಹಿಂಗ ಒದರ್ತಿದ್ದ."

ಎಲ್ಲರೂ ನಕ್ಕೆವು. ನಗುತ್ತಲೇ ನಾನು ತಮ್ಮನ ಹೆಂಡತಿಗೆ, "ಒಂದೀಟು ಚಾ ಮಾಡ್ತಿಯೇನವಾ" ಎಂದೆ. ಅವಳು ಒಳಗೆ ಹೋದ ಮೇಲೆ, ಪಾತ್ರೆಯ ಸಪ್ಪಳ ಕೇಳುವವರೆಗೆ ಕಾದು, ಅವ್ವನ ಮಗ್ಗುಲಿಗೆ ಸರಿದು ಕೂತೆ. ಬಾಯಲ್ಲಿದ್ದ ಮಾತನ್ನು ಕಡೆಗೂ ಹೊರಗೆ ತಂದೆ. ಕೋಣೆಯ ಬಗ್ಗೆ ಹೇಳಿದೆ, ಕಿಟಕಿಯ ಬಗ್ಗೆ ಹೇಳಿದೆ. "ನನ್ನ ಕೂಡ ಬಂದು ಇದ್ದುಬಿಡು ಬೇ" ಎಂದೆ.

ಅವ್ವ ಬಳೆಗಳನ್ನು ಮೇಲೆ ಕೆಳಗೆ ಸರಿಸುತ್ತ ಕೂತಳು.

"ಮೊದಲ ಕೇಳಿದ್ರ ಬರ್ತಿದ್ದೆ" ಎಂದಳು. "ಖರೇನ ಬರ್ತಿದ್ದೆ. ಈಗ ಬರಂಗಿಲ್ಲ."

"ಯಾಕ?"

"ಇದು ಬಂದ್ ಆಗಿತ್ತಲ್ಲ, ಆಗ ನೀ ಎದುರಿಗೆ ಕುಂತು ಒದರ್ತಿದ್ದಿ. ನಾ ನಿನ್ನ ಮಾರಿ ನೋಡ್ತಿದ್ದೆ. ಏನೂ ತಿಳೀತಿದ್ದಿಲ್ಲ. ಇಕಿ ಇದ್ಲು, ದಿನಾ ಹೋದವು. ನಾಳೆ ನಿನ್ನ ಮನ್ಯಾಗ ಇದು ಮತ್ತ ಬಂದ್ ಆದ್ರ ನಾ ಯಾರ ಮಾರಿ ನೋಡ್ಲಿ?"

"ನನ್ನ ಮಾರಿ ನೋಡು."

"ನಿನ್ನ ಮಾರಿ ನನಗ ಓದಾಕ ಬರಂಗಿಲ್ಲವಾ" ಎಂದಳು ಅವ್ವ. ಬೈದು ಹೇಳಲಿಲ್ಲ, ಉಪ್ಪು ಮುಗಿದಿದೆ ಎನ್ನುವ ಹಾಗೆ ಹೇಳಿದಳು.

ಮಷೀನು ನಿಲ್ಲುವುದಿಲ್ಲ ಎಂದು ಅವಳಿಗೆ ಮಾತು ಕೊಡಲು ನಾನು ಬಾಯಿ ತೆರೆದೆ. ಯಾವ ಭರವಸೆಯ ಮೇಲೆ ಕೊಡಲಿ? ಒಡೆದ ಗಾಜಿನ, ರೇಷ್ಮೆ ಎಳೆಯಿಂದ ಕಟ್ಟಿದ ಒಂದು ಫೋನಿನ ಮೇಲೆ ಅವಳ ಕಿವಿ ನಿಂತಿತ್ತು. ಅದು ಸತ್ತ ದಿನ ಎಲ್ಲವೂ ಮುಗಿಯಿತು. ಅಷ್ಟು ದೂರದ ಯಾವುದೋ ಊರಿನಲ್ಲಿ ಕೂತು ಒಂದು ಮಾಡೆಲ್ಲಿನ ಹೆಸರಿನ ಮೇಲೆ ಗೀಟು ಎಳೆದವರು ಬಾಗಲಕೋಟೆಯ ನನ್ನ ಮನೆಯ ಒಂದು ಕೋಣೆಯನ್ನು ಖಾಲಿ ಮಾಡಿದ್ದರು. ಅವರಿಗೆ ಅದು ಗೊತ್ತೂ ಆಗುವುದಿಲ್ಲ. ನನಗೆ ಅಳು ಬಂತು. ಅವರ ಮೇಲೆ ಬರಬೇಕಾದ ಸಿಟ್ಟೆಲ್ಲ ಚಹಾ ತೆಗೆದುಕೊಂಡು ಬಂದವಳ ಮೇಲೆ ಬಂತು. ಅವಳಿಗೆ ಬೆಂಬಲ ನಿಲ್ಲಿಸುವ ಕಂಪನಿ ಯಾವುದೂ ಇಲ್ಲ. ಅವಳ ಎರಡು ತುಟಿ ಸಾಕು.

ನನ್ನ ಮುಖ ನೋಡಿ ಅವಳು ಏನು ತಿಳಿದಳೋ, ಫೋನನ್ನು ನನ್ನ ಮುಂದೆ ಹಿಡಿದು, "ಇದನ್ನ ನೀವ ಒಯ್ರಿ ಅಕ್ಕಾರ. ನಿಮ್ಮದ ಐತಿ" ಎಂದಳು. ಒಯ್ಯಬೇಕೆನಿಸಿತು. ಚೀಲದ ಬಾಯಿಯನ್ನೂ ತೆರೆದೆ. ಆದರೆ ಕಿವಿ ಇಲ್ಲಿ, ಕೀಲಿ ಬಾಗಲಕೋಟೆಯಲ್ಲಿ ಇಟ್ಟುಕೊಂಡು ನಾನು ಏನು ಮಾಡಲಿ? ಅವಳನ್ನು ಕೂಡಿಸಿಕೊಂಡು ಯಾವುದನ್ನು ಒತ್ತಿದರೆ ಏನಾಗುತ್ತದೆ ಎಂದು ಒಂದೊಂದಾಗಿ ಕಲಿಸಿದೆ. ಒಮ್ಮೆ ಹೇಳಿದ್ದನ್ನು ಎರಡನೆಯ ಸಲ ಕೇಳಲಿಲ್ಲ. ಅಷ್ಟು ಬೇಗ ಕಲಿತದ್ದಕ್ಕೂ ನನಗೆ ಸಂಕಟವಾಯಿತು.

ಸಂಜೆ ಇಬ್ಬರೂ ನನ್ನನ್ನು ಕಳಿಸಲು ಬಸ್‌ಸ್ಟ್ಯಾಂಡಿಗೆ ಬಂದರು. ಬಸ್ಸುಗಳ ಗದ್ದಲ ಕಿವಿಗೆ ಚುಚ್ಚುತ್ತದೆಂದು ಅವ್ವ ಮಷೀನನ್ನು ಬಿಚ್ಚಿ ಡಬ್ಬಿಯಲ್ಲಿಟ್ಟಳು. ಹುನಗುಂದದ ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತೆ. ಕೆಳಗೆ ಅವ್ವ ಮುಖವೆತ್ತಿ, ದನಿಯಿಲ್ಲದೆ, ತುಟಿಯಲ್ಲಿ ಏನೋ ಅಂದಳು. ಇಷ್ಟು ವರ್ಷಗಳಲ್ಲಿ ನನಗೆ ಅವಳು ಹಾಗೆ ಮಾತಾಡಿದ್ದು ಅದೇ ಮೊದಲು. ನನಗೆ ತಿಳಿಯಲಿಲ್ಲ. ಪಕ್ಕದಲ್ಲಿದ್ದ ತಮ್ಮನ ಹೆಂಡತಿ, "ಅಕ್ಕಾರ, ಅತ್ತಿ ಏನಂತಾರಂದ್ರ..." ಎಂದು ಕೂಗಲು ಬಾಯಿ ತೆರೆದಳು.

"ಹೇಳಬ್ಯಾಡ" ಎಂದು ಕೈ ಅಡ್ಡ ಹಿಡಿದೆ. ಅವಳ ಮುಖ ಸಣ್ಣದಾಯಿತು. ನನಗೆ ಹಿತವೆನಿಸಿತು, ಸುಳ್ಳು ಯಾಕೆ ಹೇಳಲಿ.

ಅವ್ವ ಮತ್ತೊಮ್ಮೆ ಅಂದಳು. ಈ ಸಲ ನಿಧಾನವಾಗಿ, ಒಂದೊಂದೇ ಅಕ್ಷರವಾಗಿ, ದಡ್ಡ ಹುಡುಗರಿಗೆ ನಾನು ಮಗ್ಗಿ ಹೇಳಿಕೊಡುವ ಹಾಗೆ. ಆಗಲೂ ತಿಳಿಯಲಿಲ್ಲ. ಕಂಡಕ್ಟರು ಸೀಟಿ ಹೊಡೆದ. ನಾನು ಚೀಲ ಎತ್ತಿಕೊಂಡು, ಎರಡು ಮೊಣಕಾಲು ದಾಟಿ, ಅವನು ಬೈಯುತ್ತಿದ್ದಂತೆಯೇ ಇಳಿದುಬಿಟ್ಟೆ. ಹುನಗುಂದಕ್ಕೆ ಬಸ್ಸುಗಳಿಗೇನೂ ಬರಗಾಲವಿಲ್ಲ.

ಅವ್ವನ ಎದುರಿಗೆ ಹೋಗಿ ನಿಂತೆ. ದನಿ ಹೊರಡಿಸದೆ, ತುಟಿ ಮಾತ್ರ ಅಲುಗಿಸಿ, ಇನ್ನೊಮ್ಮೆ ಅನ್ನು ಎಂದೆ.

ಅವ್ವ ಹೂಂ ಎಂಬಂತೆ ತಲೆಯಾಡಿಸಿದಳು. ನನ್ನ ತುಟಿಯ ಮಾತು ಅವಳಿಗೆ ತಿಳಿದಿತ್ತು.